ಬೇಕರಿ ಪೊರ್ಬುಗಳ ಬೆಸಾಂವ್

ಉದ್ಯಾವರದ ಬೇಕರಿ ಅಲೆಕ್ಸಾಂಡರ್ ಪೊರ್ಬುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ತೀರಿಕೊಂಡು ವರ್ಷ ಎರಡಾಯಿತು, ಸತ್ತವರ ಮೇಲೆ ಎಂಥ ಸಿಟ್ಟು ಎಂದು ನೀವು ಕೇಳಬಹುದು. ಊರಿನವರು ಅವರನ್ನು ದೇವರಂಥ ಮನುಷ್ಯ ಎನ್ನುವಾಗ ನಾನೂ ತಲೆಯಾಡಿಸುತ್ತೇನೆ, ಅದು ಸುಳ್ಳೇನಲ್ಲ. ಆದರೆ ಆ ದೇವರಂಥ ಮನುಷ್ಯನ ಒಬ್ಬಳೇ ಮಗಳು ಝೀಟಾ ನನ್ನ ತಮ್ಮ ವಾಸುವಿನ ಹೆಂಡತಿ. ಅವಳಿಗೆ ಆದದ್ದನ್ನು ಹತ್ತಿರದಿಂದ ನೋಡಿದವಳು ನಾನು.

ನಾನು ನಳಿನಾಕ್ಷಿ. ನಮ್ಮದು ಕಾಪುವಿನ ಕಡಲ ಬದಿಯ ಮನೆ, ಅಪ್ಪ ದೇಜಪ್ಪ ಬಲೆ ಹಾಕುವವರು. ಟೀಚರ್ ಕೆಲಸ ಸಿಕ್ಕಿ ಉದ್ಯಾವರದ ಶಾಲೆಗೆ ಬಂದಾಗ ಪೊರ್ಬುಗಳ ಬೇಕರಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ತುಳು ಮಾತಾಡುವ ನಾವು ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದೇ ಕರೆಯುವುದು. ಇವರು ಖಾಕಿ ಚಡ್ಡಿ, ಹುಬ್ಬಿನ ಮೇಲೆ ಮೈದಾಹಿಟ್ಟು, ಮೂಗಿನ ತುದಿಯಲ್ಲಿ ಕೋಪ ಇರುವ ಮನುಷ್ಯ. ಒಂದು ತಟ್ಟೆ ಬನ್ ಕರಟಿತೋ, ಇಡೀ ದಿನ ಯಾರೊಡನೆಯೂ ಮಾತಿಲ್ಲ. ಹೆಂಡತಿ ಜೆರ್ಟ್ರೂಡ್ ಬಾಯಮ್ಮ ಬೇಗ ತೀರಿಹೋಗಿದ್ದರು. ಮಗಳನ್ನು ಇವರೇ ತಲೆ ಬಾಚಿ, ಜಡೆ ಹಾಕಿ ಸಾಕಿದ್ದರು. ಜಡೆ ಯಾವಾಗಲೂ ಸೊಟ್ಟಗೆ.

ಸಂಜೆ ಬೇಕರಿಯ ಬಾಗಿಲು ಅರ್ಧ ಎಳೆದು ಅಪ್ಪ ಮಗಳು ತೇರ್ಸ್ ಹೇಳುತ್ತಿದ್ದರು, ಅಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಒಂದು ಕ್ರಮ ಉಂಟು. ಕಿರಿಯರು ಕೈ ಜೋಡಿಸಿ ಹಿರಿಯರ ಎದುರು ನಿಂತು ‘ಬೆಸಾಂವ್ ದಿ’ ಎಂದು ಕೇಳಬೇಕು, ಆಶೀರ್ವಾದ ಕೊಡಿ ಎಂದು. ಹಿರಿಯರು ತಲೆಯ ಮೇಲೆ ಕೈ ಇಟ್ಟು ಕೊಡಬೇಕು. ಮಧ್ಯಾಹ್ನ ಬೆನ್ನಿಗೆ ಬಾಸುಂಡೆ ಬರುವ ಹಾಗೆ ಹೊಡೆದಿದ್ದರೂ ಸಂಜೆ ಕೇಳಿದರೆ ಕೊಡಲೇಬೇಕು. ಅಲ್ಲಿಗೆ ಆ ದಿನದ ಜಗಳ ಮುಗಿಯಿತು.

ಪೊರ್ಬುಗಳ ಅಣ್ಣ ಮೌರಿಸ್ ಈ ಬೆಸಾಂವ್ ಕೇಳದೆ ಮನೆ ಬಿಟ್ಟವರು. ಅಪ್ಪನೊಡನೆ ಜಗಳವಾಡಿ ಬೊಂಬಾಯಿಗೆ ಹೋದವರು ಅಲ್ಲೇ ಕಾಯಿಲೆ ಬಿದ್ದು ಸತ್ತರು. ಮುದುಕ ಅಪ್ಪ ತಮ್ಮ ಕೊನೆಗಾಲದವರೆಗೂ ಗೋಡೆಗೆ ಮುಖ ಮಾಡಿ ಮಲಗಿ, ಕೇಳಿದ್ದರೆ ಕೊಡುತ್ತಿದ್ದೆ, ಕೇಳಿದ್ದರೆ ಕೊಡುತ್ತಿದ್ದೆ ಎಂದು ಗೊಣಗುತ್ತಿದ್ದರಂತೆ. ಅದನ್ನು ಕೇಳಿ ಕೇಳಿ ಇವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಪ್ಪನನ್ನು ಮಣ್ಣು ಮಾಡಿದ ವರ್ಷವೇ ನಾಲ್ಕು ಜನರನ್ನು ಕಟ್ಟಿಕೊಂಡು ಬೆಸಾಂವ್ ಪಂಗಡ ಶುರು ಮಾಡಿದರು.

ಪಂಗಡದ ಕೆಲಸ ಇಷ್ಟೇ. ಮಾತು ಬಿಟ್ಟವರ ಮನೆಗೆ ಸಂಜೆ ಹೋಗುವುದು, ಚಾಪೆ ಹಾಸಿ ಕೂತು ತೇರ್ಸ್ ಹೇಳುವುದು, ಜಗಳದ ಸುದ್ದಿಯನ್ನೇ ಎತ್ತದೆ ಎದ್ದು ಬರುವುದು. ಮರುದಿನ ಮತ್ತೆ ಅದೇ. ಹೀಗೆ ಹೋಗುತ್ತ ಹೋಗುತ್ತ ಒಂದು ದಿನ ಪ್ರಾರ್ಥನೆ ಮುಗಿದರೂ ಇವರು ಏಳುವುದಿಲ್ಲ. ಯಾರೂ ಏನೂ ಹೇಳುವುದಿಲ್ಲ. ಕೊನೆಗೆ ತಮ್ಮನೋ ಸೊಸೆಯೋ ಮಗನೋ ತಡೆಯಲಾರದೆ ಎದ್ದು ಕೈ ಜೋಡಿಸುತ್ತಿದ್ದರು. ಇಗರ್ಜಿಯ ಪಾದ್ರಿ ವಿಗಾರರಿಗೆ ಮೊದಮೊದಲು ಇದು ಸರಿಬರಲಿಲ್ಲ. ನಿಲುವಂಗಿ ಇಲ್ಲದ ಬೇಕರಿಯವನು ಮನೆಮನೆಗೆ ಹೋಗಿ ಎಂತ ಮಾಡುವುದು ಎಂದು ಗದರಿಸಿದ್ದರು. ಆಮೇಲೆ ಅವರೇ ಜಗಳದ ಮನೆಗಳನ್ನು ತೋರಿಸಿಕೊಡತೊಡಗಿದರು. ಪಡುಬಿದ್ರಿಯಿಂದ ಕಾರ್ಕಳದವರೆಗೆ ಪಂಗಡ ಬೆಳೆಯಿತು. ಭಾನುವಾರ ಬನ್ನಿನ ಚೀಲ, ಕೊಡೆ ಹಿಡಿದು ಪೊರ್ಬುಗಳು ಬಸ್ಸು ಹತ್ತುತ್ತಿದ್ದರು.

ನಿಯಮ ಎರಡೇ. ಕೇಳಿದವರಿಗೆ ಇಲ್ಲ ಎನ್ನಬಾರದು. ಕೇಳದವರಿಗೆ ಹಿರಿಯರು ತಾವಾಗಿ ಹೋಗಿ ಕೊಡಬಾರದು. ಮೊದಲನೆಯದು ಸರಿ. ಎರಡನೆಯದು ಯಾಕೆ ಎಂದು ನಾನು ವಾದಿಸುತ್ತಿದ್ದೆ. ಕೇಳದೆ ಕೊಟ್ಟದ್ದು ತಲೆಗೆ ತಾಗುವುದಿಲ್ಲ ಟೀಚರ್, ಎಂದು ಹೇಳಿ ಹಿಟ್ಟು ನಾದಲು ಹೋಗುತ್ತಿದ್ದರು. ಮೌರಿಸ್ ಕೇಳಬೇಕಿತ್ತು ಎನ್ನುವುದು ಅವರ ಎದೆಯಲ್ಲಿ ಮೊಳೆಯ ಹಾಗೆ ಕೂತಿತ್ತು.

ನಮ್ಮ ಅಪ್ಪ ಮತ್ತು ಚಿಕ್ಕಪ್ಪ ಕಿಟ್ಟ ಒಂದೇ ಅಂಗಳದಲ್ಲಿದ್ದು ಮಾತು ಬಿಟ್ಟಿದ್ದರು, ದೋಣಿಯ ಪಾಲಿನ ಜಗಳ. ನಾನು ಒಮ್ಮೆ ಅದನ್ನು ಪೊರ್ಬುಗಳ ಬಳಿ ಹೇಳಿಕೊಂಡೆ. ಮರುವಾರವೇ ಝೀಟಾಳನ್ನೂ ಕರೆದುಕೊಂಡು ಕಾಪುವಿಗೆ ಹೊರಟರು. ನಮ್ಮದು ಮೀನು ಹಿಡಿಯುವ ಮೊಗವೀರರ ಮನೆ, ಅಲ್ಲಿ ತೇರ್ಸ್ ಇಲ್ಲ. ಜಗಲಿಯಲ್ಲಿ ಸುಮ್ಮನೆ ಕೂತರು. ಅಮ್ಮ ಕೊಟ್ಟ ಮೀನಿನ ಸಾರು ಉಂಡರು. ನಮ್ಮವರು ಬಲೆ ಸರಿಮಾಡುವುದನ್ನು ನೋಡಿದರು. ಹಾಗೆ ಹೋಗಿ ಬಂದು ಮಾಡುತ್ತಿರುವಾಗ ಒಂದು ಸಂಜೆ ಚಿಕ್ಕಪ್ಪ ಎದ್ದು ಬಂದು ಅಪ್ಪನ ಕಾಲು ಮುಟ್ಟಿಬಿಟ್ಟರು. ಅಪ್ಪ ತಮ್ಮನನ್ನು ಎತ್ತಿ ಅಪ್ಪಿಕೊಂಡರು. ಪೊರ್ಬುಗಳು ಮಗುವಿನ ಹಾಗೆ ಅತ್ತರು. ನಿಮ್ಮಲ್ಲಿಯೂ ಬೆಸಾಂವ್ ಉಂಟು ಮಾರಾಯ್ರೆ ಎಂದು ಬಸ್ಸಿನಲ್ಲಿ ದಾರಿಯುದ್ದ ಹೇಳಿದ್ದನ್ನೇ ಹೇಳಿದರು. ಝೀಟಾಳೂ ಅದನ್ನು ಕಣ್ಣಾರೆ ನೋಡಿದ್ದಳು. ಅವಳು ವಾಸುವನ್ನು ನೋಡಿದ್ದೂ ಅಲ್ಲಿಯೇ.

ಎಪ್ಪತ್ತೆಂಟರಲ್ಲಿ ಇಬ್ಬರೂ ಉಡುಪಿಯಲ್ಲಿ ರಿಜಿಸ್ಟರ್ ಮದುವೆಯಾದರು. ನನಗೂ ಗೊತ್ತಿರಲಿಲ್ಲ, ದೇವರಾಣೆ. ಪೊರ್ಬುಗಳು ಕೂಗಾಡಲಿಲ್ಲ, ನನ್ನನ್ನು ಕೋಣೆ ಬಿಡಿಸಲಿಲ್ಲ. ಮರುದಿನವೂ ಒಲೆ ಉರಿಯಿತು, ಬ್ರೆಡ್ ಬಂತು. ಪಂಗಡದವರು ಮೆಲ್ಲಗೆ ವಿಷಯ ತೆಗೆದಾಗ, ಅವಳು ಬಂದು ಕೇಳಲಿ, ನಾನು ಇಲ್ಲ ಎನ್ನುವವನಲ್ಲ ಎಂದರು. ಅಷ್ಟೇ.

ಝೀಟಾ ಕಾಪುವಿನಲ್ಲಿ ನಮ್ಮವಳೇ ಆದಳು. ಮೀನು ಒಣಗಿಸಲು ಕಲಿತಳು, ತುಳುವಿನಲ್ಲಿ ಬೈಯಲು ಕಲಿತಳು, ಹಬ್ಬದ ದಿನ ಅಮ್ಮನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಕಲಿತಳು. ಆದರೆ ನಾನು ಶನಿವಾರ ಮನೆಗೆ ಹೋದರೆ ಅವಳ ಮೊದಲ ಮಾತು, ಪಪ್ಪ ಸರಿಯಾಗಿ ಊಟ ಮಾಡುತ್ತಾರಾ ಎಂದೇ. ಹೋಗಿ ಕೇಳು ಎಂದರೆ ಒಣಮೀನು ಮಗುಚಲು ಎದ್ದುಹೋಗುತ್ತಿದ್ದಳು. ಹೆದರಿಕೆ. ಅಪ್ಪನ ಹಠವೇ ಮಗಳಲ್ಲೂ ಇತ್ತು ಅನ್ನಿ.

ಕಡೆಗೆ ಎಂಬತ್ತೊಂದರ ಮೊಂತಿ ಹಬ್ಬಕ್ಕೆ ಬಂದಳು. ಅದು ಅವರ ಹೊಸ ತೆನೆಯ ಹಬ್ಬ. ಇಗರ್ಜಿಯಿಂದ ತಂದ ಭತ್ತದ ತೆನೆಯನ್ನು ಸುಲಿದು, ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕುಡಿಯಬೇಕು. ದೂರ ಇದ್ದವರಿಗೆ ಅವರ ಪಾಲಿನ ತೆನೆ ತೆಗೆದಿಡಬೇಕು. ಪೊರ್ಬುಗಳು ಪ್ರತಿ ವರ್ಷ ಅವಳ ಪಾಲನ್ನು ಶಿಲುಬೆಯ ಹತ್ತಿರ ಇಟ್ಟು, ಮುಂದಿನ ಹಬ್ಬದವರೆಗೆ ಹಾಗೇ ಬಿಡುತ್ತಿದ್ದರು.

ನಾನು ಬಾವಿಕಟ್ಟೆಯಲ್ಲಿದ್ದೆ. ಅವಳು ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಗೇಟು ದಾಟಿ ನೇರ ಜಗಲಿಗೆ ಬಂದಳು. ಪೊರ್ಬುಗಳು ಕುರ್ಚಿಯಲ್ಲಿದ್ದರು, ಬರಿಗಾಲು. ಮುಖದಲ್ಲಿ ಬಂದ ಸಂತೋಷವನ್ನು ನಾನು ನೋಡಿದೆ, ಅದು ಸುಳ್ಳಲ್ಲ. ಅವಳ ಬಾಯಿಂದ ಮಾತು ಹೊರಡಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಲು ಕೈ ಚಾಚಿದಳು. ಪೊರ್ಬುಗಳು ಬೆಂಕಿ ತಾಗಿದವರ ಹಾಗೆ ಎರಡೂ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡುಬಿಟ್ಟರು.

ಅವಳ ಕೈ ನೆಲದ ಮೇಲೆಯೇ ಉಳಿಯಿತು. ಆಮೇಲೆ ಎದ್ದು, ಬಂದ ದಾರಿಯಲ್ಲೇ ಹೋದಳು. ಇವರು ಕರೆಯಲಿಲ್ಲ. ತೆನೆಯ ಪಾಲು ಶಿಲುಬೆಯ ಬಳಿ ಇದ್ದಲ್ಲೇ ಇತ್ತು. ಕೇಳಿದವರಿಗೆ ಇಲ್ಲ ಎನ್ನಬಾರದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ ಸ್ವಂತ ಮಗಳಿಗೆ ಹೀಗೆ ಮಾಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಆ ತಿಂಗಳೇ ನಾನು ಆ ಕೋಣೆ ಬಿಟ್ಟು ಬೇರೆ ಕಡೆ ಹೋದೆ. ಅವರು ಯಾಕೆ ಎಂದು ಕೂಡ ಕೇಳಲಿಲ್ಲ.

ಎಂಬತ್ತಮೂರರ ಮಳೆಗಾಲದಲ್ಲಿ ಝೀಟಾಳಿಗೆ ಕಾಮಾಲೆ ಬಂತು. ಊರಿನ ಮದ್ದಿಗೆ ಜಗ್ಗಲಿಲ್ಲ. ಮಣಿಪಾಲಕ್ಕೆ ಹಾಕಿದಾಗ ಕಣ್ಣು, ಉಗುರು ಎಲ್ಲ ಅರಶಿನ, ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಕಷ್ಟ ಎಂದು ಡಾಕ್ಟರು ವಾಸುವಿಗೆ ಹೇಳಿದ ಬೆಳಿಗ್ಗೆ ನಾನು ಬಸ್ಸು ಹಿಡಿದು ಉದ್ಯಾವರಕ್ಕೆ ಓಡಿದೆ.

ಪೊರ್ಬುಗಳು ಒಲೆಯಿಂದ ತಟ್ಟೆ ಎಳೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ತಟ್ಟೆ ಕೆಳಗಿಟ್ಟು, “ಅವಳು ನನ್ನನ್ನು ಕೇಳಿದಳಾ ಟೀಚರ್?” ಎಂದರು.

ನನ್ನ ತಲೆ ಕೆಟ್ಟುಹೋಯಿತು. ಸಾಯುವವಳ ಬಾಯಿಂದ ಇನ್ನೂ ಎಂತ ಕೇಳಿಸಬೇಕು ನಿಮಗೆ, ಅವಳು ಕೇಳಿ ಎರಡು ವರ್ಷ ಆಯಿತಲ್ಲ, ನೀವು ಕಾಲು ಎಳೆದುಕೊಂಡಿರಲ್ಲ ಎಂದು ಗಿರಾಕಿಗಳ ಎದುರೇ ಕಿರುಚಿದೆ. ಅವರು ಅರ್ಥವಾಗದವರ ಹಾಗೆ ನನ್ನನ್ನೇ ನೋಡಿದರು. ತಮ್ಮ ಕಾಲು ಯಾರೂ ಮುಟ್ಟಿದವರಿಲ್ಲ, ನಾಚಿಕೆಯಾಗಿ ತಾನಾಗಿ ಎಳೆದುಹೋಯಿತು ಎಂದರು. ಅವಳು ಕೈ ಜೋಡಿಸಲೂ ಇಲ್ಲ, ಬೆಸಾಂವ್ ಎನ್ನಲೂ ಇಲ್ಲ, ತಾನೀಗ ಬೇರೆಯವರವಳು ಎಂದು ತೋರಿಸಿ ಹೋದಳು ಅಂತ ತಿಳಿದೆ ಎಂದರು.

“ನಮ್ಮ ಅಂಗಳದಲ್ಲಿ ಚಿಕ್ಕಪ್ಪ ಎಂತ ಮಾಡಿದ್ದು ಪೊರ್ಬುಗಳೇ? ಅದನ್ನು ನೋಡಿ ಅತ್ತವರು ಯಾರು?”

ಅವರು ಹಿಟ್ಟಿನ ಮೇಜು ಹಿಡಿದುಕೊಂಡರು. ಖಾಕಿ ಚಡ್ಡಿಯಲ್ಲಿ, ಹಿಟ್ಟಿನ ಕೈಯಲ್ಲಿ ನನ್ನ ಹಿಂದೆ ಬಸ್ಸು ಹತ್ತಿದರು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸಿಗೆ ಕಾದೆವು. ಅದು ಬರುವುದಿಲ್ಲ ಬರುವುದಿಲ್ಲ. ವಾರ್ಡಿನ ಬಾಗಿಲಲ್ಲಿ ವಾಸು ಗೋಡೆಗೆ ತಲೆಯಿಟ್ಟು ನಿಂತದ್ದನ್ನು ಕಂಡಾಗಲೇ ನನಗೆ ತಿಳಿಯಿತು. ಪೊರ್ಬುಗಳು ಒಳಗೆ ಹೋಗಿ ಮುಖದ ಬಟ್ಟೆ ಸರಿಸಿ ಅವಳ ತಲೆಯ ಮೇಲೆ ಕೈ ಇಟ್ಟರು. ಅವರ ತುಟಿ ಅಲ್ಲಾಡಿತು. ಕೇಳುವವಳು ಇರಲಿಲ್ಲ.

ಆಮೇಲೆ ಅವರು ಪಂಗಡದೊಡನೆ ಯಾವ ಮನೆಗೂ ಹೋಗಲಿಲ್ಲ. ಕಾರ್ಕಳದವರು ಕರೆಯಲು ಬಂದರೆ ಬನ್ ಕಟ್ಟಿಕೊಟ್ಟು ಕಳಿಸುತ್ತಿದ್ದರು. ಸಾಯುವವರೆಗೂ ಹಾಗೇ. ಆದರೆ ನಡುವೆ ಒಂದು ಮನೆಗೆ ಮಾತ್ರ ಒಬ್ಬರೇ ಹೋಗಿದ್ದರು. ಅದು ನಮ್ಮ ಮನೆ.

ಝೀಟಾಳ ಬೊಜ್ಜದ ದಿನ, ಸತ್ತವರ ಹೆಸರಿನಲ್ಲಿ ನಮ್ಮವರು ಊಟ ಹಾಕುವ ದಿನ. ಅಂಗಳದ ತುಂಬ ಜನ. ಪೊರ್ಬುಗಳು ಬಿಳಿ ಪ್ಯಾಂಟು ಹಾಕಿ, ಕೊಡೆ ಮಡಚಿ ಹಿಡಿದು ಬಂದರು. ಯಾರನ್ನೂ ನೋಡಲಿಲ್ಲ. ನೇರ ವಾಸುವಿನ ಬಳಿಗೆ ಹೋಗಿ, ಕೊಡೆ ಕೆಳಗಿಟ್ಟು, ಮೊಣಕಾಲೂರಿ ಬಗ್ಗಿ ಅವನ ಕಾಲಿಗೆ ಕೈ ಚಾಚಿದರು. ಅಪ್ಪನ ಪ್ರಾಯದವರು ಕಾಲು ಮುಟ್ಟಿದರೆ ನಮ್ಮಲ್ಲಿ ಪಾಪ. ವಾಸು ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿಬಿಟ್ಟ.

ಪೊರ್ಬುಗಳ ಎರಡೂ ಅಂಗೈ ಅಂಗಳದ ಹೊಯಿಗೆಯಲ್ಲಿ, ಆ ಕಡಲ ಮರಳಿನಲ್ಲಿ, ಊರಿದವು. ಎದ್ದು, ಕೊಡೆ ಎತ್ತಿಕೊಂಡು ಗೇಟಿನ ಕಡೆ ನಡೆದರು. ನಾನು ರಸ್ತೆಯವರೆಗೆ ಅವರ ಹಿಂದೆ ಓಡಿದೆ. ಅವನು ನಿಮ್ಮನ್ನು ಬೇಡ ಎಂದದ್ದಲ್ಲ, ನೀವು ಹಿರಿಯರು, ಅದಕ್ಕೆ ಹೆದರಿ ಸರಿದದ್ದು ಎಂದು ಉಸಿರು ಕಟ್ಟಿ ಹೇಳಿದೆ.

“ನನಗೆ ಗೊತ್ತುಂಟು ಟೀಚರ್. ನಾನು ಅವತ್ತು ಎಳೆದುಕೊಂಡದ್ದೂ ಹಾಗೇ ಅಲ್ವಾ,” ಎಂದರು. ಬಸ್ಸು ಬರುವ ಕಡೆ ನೋಡುತ್ತ, “ಆದರೆ ಬಗ್ಗಿದವನಿಗೆ ಅದು ಹಾಗೆ ಕಾಣುವುದಿಲ್ಲ,” ಎಂದರು.

ಕಾಲು ಎಳೆದದ್ದಕ್ಕೆ ನನಗೆ ಈಗ ಸಿಟ್ಟಿಲ್ಲ. ಆಮೇಲೆ ಎರಡು ವರ್ಷ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯನ್ನು ದಾಟದೆ ಕೂತರಲ್ಲ, ಆ ಸಿಟ್ಟು ಹೋಗುವುದಿಲ್ಲ. ಉಡುಪಿ ಬಸ್ಸು ಬಂತು. ಅವರು ಕಂಬಿ ಹಿಡಿದು ಹತ್ತಿದಾಗ ಅಂಗೈಗಳಿಗೆ ನಮ್ಮ ಅಂಗಳದ ಹೊಯಿಗೆ ಅಂಟಿಕೊಂಡೇ ಇತ್ತು.