ಮಾರ್ತಾಳ ಕುರ್ಚಿಯಲ್ಲಿ ಮೇವಿಸ್

ನಮ್ಮೂರಿನ ‘ನೇಗಿಲು’ ಪಬ್ಬಿನಲ್ಲಿ, ರಸ್ತೆಯ ಕಡೆಗಿರುವ ಒಂದೇ ಕಿಟಕಿಯ ಬಳಿ, ಎತ್ತರದ ಬೆನ್ನಿನ ಓಕ್ ಮರದ ಕುರ್ಚಿಯೊಂದಿದೆ. ಅದರಲ್ಲಿ ಯಾರೂ ಕೂರುವುದಿಲ್ಲ. ಪಬ್ಬನ್ನು ಇಪ್ಪತ್ತೆಂಟು ವರ್ಷದಿಂದ ನಡೆಸುತ್ತಿರುವ ಮೇವಿಸ್ ಟಪ್‌ಹೋಮ್ ಅವರೂ ಕಳೆದ ಸೆಪ್ಟೆಂಬರ್ ತನಕ ಒಮ್ಮೆಯೂ ಕೂತಿರಲಿಲ್ಲ. ಒರೆಸುತ್ತಿದ್ದರು, ಮೇಣ ಹಚ್ಚುತ್ತಿದ್ದರು, ಅಷ್ಟೆ.

ನಮ್ಮ ಮನೆ ಪಬ್ಬಿನ ಎದುರಿಗೇ ಇದೆ. ಇಲ್ಲಿ ಬರೆದದ್ದರಲ್ಲಿ ಕೆಲವನ್ನು ನಾನೇ ನೋಡಿದೆ. ಉಳಿದದ್ದನ್ನು ಮೇವಿಸ್ ನನ್ನ ಅಮ್ಮನಿಗೆ ಹೇಳುವಾಗ ಪಕ್ಕದಲ್ಲಿದ್ದು ಕೇಳಿದೆ.

ಕುರ್ಚಿ ಮಾರ್ತಾ ಸ್ಕಿನ್ ಎಂಬವಳದು. ಕುದುರೆ ಗಾಡಿಗಳ ಕಾಲದಲ್ಲಿ ಅವಳು ಈ ಪಬ್ಬನ್ನು ನಡೆಸುತ್ತಿದ್ದಳಂತೆ. ಗಂಡ ಸತ್ತ ಮೇಲೆ ಎಲ್ಲ ಸಾಕಾಗಿ, ತಂಗಿಯ ಮನೆಗೆ ಹೊರಟು, ಕಪ್ಪು ಟೋಪಿ ಹಾಕಿಕೊಂಡು, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ನಾಲ್ಕು ಗಂಟೆಯ ಗಾಡಿಗೆ ಕಾಯುತ್ತ ಕೂತಳಂತೆ. ಗಾಡಿ ಮಂಜಿನಲ್ಲಿ ದಾರಿ ತಪ್ಪಿ ಕಾಲುವೆಗೆ ಬಿತ್ತು. ಮಾರ್ತಾ ಕುರ್ಚಿಯಿಂದ ಏಳಲೇ ಇಲ್ಲ. ಈಗಲೂ ನಾಲ್ಕಕ್ಕೆ ಬಂದು ಕೂರುತ್ತಾಳೆ, ದಾರಿಹೋಕರನ್ನು ಕೈಬೀಸಿ ಕರೆಯುತ್ತಾಳೆ. ಕರೆಗೆ ಓಗೊಟ್ಟು ಒಳಗೆ ಹೋದವರು ಅವಳ ಬದಲು ಅಲ್ಲೇ ಉಳಿಯಬೇಕು.

ಇದರಲ್ಲಿ ಪಬ್ಬು ಹಳೆಯದು ಎಂಬುದೊಂದೇ ನಿಜ. ತೊಲೆಯ ಮೇಲೆ ೧೬೮೭ ಎಂದು ಕೆತ್ತಿದೆ. ಮಿಕ್ಕದ್ದನ್ನೆಲ್ಲ ಮೇವಿಸ್ ಕಟ್ಟಿದರು. ಊರಾಚೆ ಹೊಸ ಹೆದ್ದಾರಿ ಬಂದ ವರ್ಷ ಲಾರಿಯವರು ಈ ಕಡೆ ಬರುವುದೇ ನಿಂತಿತು. ಪೀಪಾಯಿಗಳಲ್ಲಿ ಬಿಯರ್ ಹುಳಿಯಾಗುತ್ತಿತ್ತು. ಆಗ ಪತ್ರಿಕೆಯವನೊಬ್ಬ ಬಂದು, ಇಷ್ಟು ಹಳೇ ಪಬ್ಬಿನಲ್ಲಿ ದೆವ್ವ ಇಲ್ಲವೇ ಎಂದು ಕೇಳಿದ. ಗಂಡ ಸಿರಿಲ್ ಇಲ್ಲ ಎನ್ನುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೇವಿಸ್ ಇದೆ ಎಂದುಬಿಟ್ಟರು. ಹೆಸರನ್ನು ಚರ್ಚಿನ ಅಂಗಳದ ಗೋರಿಕಲ್ಲಿನಿಂದ ತೆಗೆದರು. ಟೋಪಿಗೆ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ತಮ್ಮ ತಾಯಿಯ ಟೋಪಿಯನ್ನೇ ನೋಡಿ ಹೇಳಿದರು. ನಾಲ್ಕು ಗಂಟೆ ಏಕೆಂದರೆ, ಆಗ ಪಬ್ಬು ಮುಚ್ಚಿರುತ್ತದೆ. ಯಾರೂ ಒಳಗೆ ಬಂದು ಪರೀಕ್ಷಿಸುವಂತಿಲ್ಲ. ಅಂದಿನಿಂದ ಪ್ರತಿದಿನ ನಾಲ್ಕಕ್ಕೆ ಕುರ್ಚಿಯ ಮುಂದೆ ಒಂದು ಲೋಟ ಶುಂಠಿ ವೈನ್ ಇಡುವುದೂ ಸೇರಿಕೊಂಡಿತು. ದೆವ್ವ ನೋಡಲು ಬಸ್ಸು ಮಾಡಿಕೊಂಡು ಜನ ಬಂದರು. ಪಬ್ಬು ಉಳಿಯಿತು.

ಸಿರಿಲ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಮೇವಿಸ್ ಅವರಿಗೆ ಈಗ ಅರವತ್ತೇಳು. ನೆಲಮಾಳಿಗೆಗೆ ಹದಿಮೂರು ಮೆಟ್ಟಿಲು. ಪೀಪಾಯಿ ಬದಲಿಸಲು ಇಳಿದರೆ, ಹತ್ತಿ ಬರುವಾಗ ಮಂಡಿನೋವಿಗೆ ಎರಡು ಕಡೆ ನಿಲ್ಲಬೇಕು. ಸ್ಕಾರ್‌ಬರೋದಲ್ಲಿರುವ ತಂಗಿ ಓಲಿವ್ ತಿಂಗಳಿಗೊಂದು ಕಾಗದ ಬರೆಯುತ್ತಾರೆ: ಸಮುದ್ರ ಕಾಣುವ ಕೋಣೆ ಖಾಲಿ ಇದೆ, ಹಾಸಿಗೆ ಹಾಸಿಟ್ಟಿದ್ದೇನೆ, ಬಾ. ಆದರೆ ಪಬ್ಬು ಬಿಯರ್ ಕಂಪನಿಯದು, ಮೇವಿಸ್ ಬಾಡಿಗೆಯವರು. ಮೂರು ವರ್ಷಕ್ಕೊಮ್ಮೆ ಮೈಕೆಲ್ಮಸ್ ಹಬ್ಬದ ದಿನ, ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ, ಕರಾರು ತಾನಾಗಿಯೇ ಮುಂದುವರಿಯುತ್ತದೆ. ಆ ದಿನ ಕಳೆಯುವುದರೊಳಗೆ ಬೇರೆಯವರು ಸಹಿ ಹಾಕಿದರೆ ಮಾತ್ರ ಬಿಡುಗಡೆ.

ಕಳೆದ ಬೇಸಿಗೆಯಲ್ಲಿ ಇಬ್ಬರು ನೋಡಲು ಬಂದಿದ್ದರು. ಇಬ್ಬರಿಗೂ ಪಬ್ಬು ಹಿಡಿಸಿತು. ಇಬ್ಬರೂ ಮಾರ್ತಾಳ ಕಥೆ ಕೇಳಿ ಹಿಂದೆ ಸರಿದರು. ಆಗಸ್ಟಿನ ಒಂದು ಸಂಜೆ ಮೇವಿಸ್ ಬಾರಿನ ಹಿಂದೆ ನಿಂತು ಎಲ್ಲರೆದುರು ಹೇಳಿಬಿಟ್ಟರು.

“ಮಾರ್ತಾ ಅನ್ನೋಳು ಇಲ್ಲ. ನಾನೇ ಹುಟ್ಟಿಸಿದ್ದು.”

ಡಾಮಿನೋ ಆಡುತ್ತಿದ್ದ ವಾಲ್ಟರ್ ಬ್ಲೇಡ್ಸ್ ತಲೆ ಎತ್ತಿದರು. ಅವರಿಗೆ ಎಂಬತ್ತು ವರ್ಷ. ಚರ್ಚಿನಲ್ಲಿ ಗೋರಿಗುಂಡಿ ತೋಡುವ ಕೆಲಸದಲ್ಲಿದ್ದವರು.

“ಏನಂದೆ?”

“ಸುಳ್ಳು ಅಂದೆ. ಟೋಪಿ ನಮ್ಮಮ್ಮಂದು.”

“ನಿನ್ನ ಬಾಯಿಂದ ಅವಳೇ ಹಂಗೆ ಹೇಳಿಸ್ತಾ ಇದಾಳೆ ಕಣೇ.”

“ಅಯ್ಯೋ ಮುದುಕಾ, ಅವಳೇ ಇಲ್ಲ ಅಂತಿದೀನಿ!”

“ಇಲ್ದೇ ಇದ್ರೆ ಅರವತ್ತೆಂಟನೇ ಇಸವೀಲಿ ಆ ಕಿಟಕೀಲಿ ನಾನು ನೋಡಿದ್ದು ಯಾರನ್ನ? ನಿಮ್ಮಮ್ಮನ್ನಾ?”

“ಮಧ್ಯಾಹ್ನಕ್ಕೇ ಎಂಟು ಪೈಂಟ್ ಬಿಯರ್ ಇಳಿಸಿ ನೋಡಿದ್ದು ನೀನು.”

“ಏಳು,” ಎಂದರು ಎದುರು ಕೂತಿದ್ದ ಪರ್ಸಿ. “ಒಂದು ನಂದು.” ಆಮೇಲೆ ನಗು ಬಿಟ್ಟು ಹೇಳಿದರು: “ಮೇವಿಸ್, ಹೊರಗಿನೋರಿಗೆ ಇಷ್ಟು ವರ್ಷ ಆಣೆ ಮಾಡಿ ಹೇಳಿದೀವಿ. ಈಗ ಸುಳ್ಳು ಅಂದ್ರೆ ನಮ್ಮ ಮುಖ ಎಲ್ಲಿಟ್ಕೊಳ್ಳೋಣ?”

“ನನ್ನ ಮಂಡಿ ಎಲ್ಲಿಟ್ಕೊಳ್ಳಲಿ, ಅದನ್ನ ಹೇಳು. ಇನ್ನೊಬ್ಬರು ಬರ್ತಾರೆ, ನಾಟಿಂಗ್‌ಹ್ಯಾಮಿಂದ. ನಿಮ್ಮ ಬಾಯಿ ಮುಚ್ಕೊಂಡಿರಿ, ಇಷ್ಟೇ ಕೇಳ್ಕೊಳ್ಳೋದು.”

ಅವರು ನಿಜವಾಗಿಯೂ ಬಾಯಿ ಮುಚ್ಚಿಕೊಂಡಿದ್ದರು. ಡೆರೆಕ್ ಹಾರ್ಗೇಟ್ ಮತ್ತು ಅವರ ಹೆಂಡತಿ ಜಿಲ್ ಎರಡು ಸಲ ಬಂದು ಹೋದಾಗ ವಾಲ್ಟರ್ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಜಿಲ್ ಹಳೇ ಪತ್ರಿಕೆಯಲ್ಲಿ ಎಲ್ಲವನ್ನೂ ಓದಿಕೊಂಡೇ ಬಂದಿದ್ದರು. ಮೇವಿಸ್ ಇದ್ದದ್ದನ್ನು ಇದ್ದಹಾಗೆ ಹೇಳಿದಾಗ ನಕ್ಕರು. ಕಣ್ಣಾರೆ ಕಾಣೋವರೆಗೂ ನಾನು ನಂಬೋಳಲ್ಲ ಬಿಡಿ, ಎಂದರು. ಮೈಕೆಲ್ಮಸ್ ದಿನ ಮೂರು ಗಂಟೆಗೆ ಬಂದು ಸಹಿ ಹಾಕುವುದೆಂದು ಮಾತಾಯಿತು.

ಆ ದಿನ ಮೇವಿಸ್ ಬೆಳಗ್ಗೆಯಿಂದ ಪಬ್ಬು ತೊಳೆದರು. ನೆಲ ಒಣಗಲೆಂದು ಕುರ್ಚಿಗಳನ್ನೆಲ್ಲ ತಲೆಕೆಳಗು ಮಾಡಿ ಮೇಜುಗಳ ಮೇಲೆ ಏರಿಸಿದರು. ಕಾಗದಪತ್ರ ಬಾರಿನ ಮೇಲಿತ್ತು. ಐದೂವರೆಯ ಬಸ್ಸಿಗೆ ಹೊರಡಲು ತಾಯಿಯ ಚರ್ಮದ ಪೆಟ್ಟಿಗೆ ತುಂಬಿತ್ತು. ಕೋಟು ಹಾಕಿಕೊಂಡರು. ತಲೆಗೂ ತಾಯಿಯ ಟೋಪಿಯನ್ನೇ ಇಟ್ಟುಕೊಂಡರು. ದೂರದ ಪ್ರಯಾಣಕ್ಕೆ ತಕ್ಕ ಟೋಪಿ ಬೇರೆ ಇರಲಿಲ್ಲ. ಮೂರಾಯಿತು, ಮೂರೂವರೆಯಾಯಿತು, ಕಾರಿಲ್ಲ. ಮಂಡಿ ಸಿಡಿಯತೊಡಗಿತು. ನೆಲದ ಮೇಲೆ ಉಳಿದದ್ದು ಒಂದೇ ಕುರ್ಚಿ. ರಸ್ತೆ ಕಾಣುವುದೂ ಅಲ್ಲಿಂದಲೇ. ನಾನೇ ಹೇಳಿದ ಸುಳ್ಳಿಗೆ ನಾನೇ ಹೆದರೋದೇ ಎಂದುಕೊಂಡು ಕೂತರಂತೆ.

ಕಾರು ಬಂದಾಗ ಚರ್ಚಿನ ಗಂಟೆ ನಾಲ್ಕು ಬಾರಿಸುತ್ತಿತ್ತು. ಅದನ್ನು ನಾನು ನಮ್ಮ ಕಿಟಕಿಯಿಂದ ಕೇಳಿದೆ. ಜಿಲ್ ಇಳಿದು, ಕೈಚೀಲ ಸರಿಮಾಡಿಕೊಂಡು, ಪಬ್ಬಿನ ಕಡೆ ನೋಡಿದರು. ಪಬ್ಬಿನ ಗಾಜು ಹಳೆಯದು, ಅಲೆಅಲೆಯಾಗಿದೆ. ಒಳಗಿನ ಮುಖ ನೀರಿನಲ್ಲಿ ಕಂಡಂತೆ ಕಾಣುತ್ತದೆ. ಆ ಗಾಜಿನ ಹಿಂದೆ ಕಪ್ಪು ಟೋಪಿಯ ಹೆಂಗಸು ಕೂತಿದ್ದಳು. ನೋಡುತ್ತಿದ್ದಂತೆ ಕೈ ಎತ್ತಿ, ಬಾ ಬಾ ಎಂದು ಕರೆದಳು.

ಜಿಲ್ ಕಿರುಚಲಿಲ್ಲ. ಹಿಂದು ಹಿಂದಕ್ಕೆ ನಡೆದು ಕಾರಿನೊಳಗೆ ಕೂತರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಡೆರೆಕ್ ಕಾರು ತಿರುಗಿಸಿಯಾಗಿತ್ತು.

ಐದೂಕಾಲಿಗೆ ಪಬ್ಬಿನ ಫೋನು ಬಡಿದುಕೊಂಡಿತು. ಜಿಲ್ ಅಳುತ್ತಿದ್ದರಂತೆ.

“ಅವಳು ಕೂತಿದ್ಲು. ನನ್ನನ್ನ ಕರೆದ್ಲು.”

“ಅದು ನಾನು ಕಣಮ್ಮ! ನಾನು, ಮೇವಿಸ್! ಬೇರೆ ಕುರ್ಚಿ ಎಲ್ಲಾ ಮೇಲೆ ಇಟ್ಟಿದ್ದೆ, ಅದಕ್ಕೆ...”



“ನೀವು ತುಂಬಾ ಒಳ್ಳೆಯವರು. ನನ್ನ ಸಮಾಧಾನಕ್ಕೆ ಹೇಳ್ತಿದೀರಿ. ನೀವೂ ಹುಷಾರಾಗಿರಿ.” ಜಿಲ್ ಫೋನು ಇಟ್ಟುಬಿಟ್ಟರು.

ಐದೂವರೆಯ ಬಸ್ಸು ಬಂದು, ನಿಂತು, ಹೋಯಿತು. ಆರಕ್ಕೆ ವಾಲ್ಟರ್ ಬಾಗಿಲು ತಳ್ಳಿದಾಗ ಮೇವಿಸ್ ಮತ್ತೆ ಅದೇ ಕುರ್ಚಿಯಲ್ಲಿದ್ದರು. ಟೋಪಿ ತೆಗೆದಿರಲಿಲ್ಲ. ವಾಲ್ಟರ್ ಹೊಸ್ತಿಲಲ್ಲೇ ನಿಂತು ತಮ್ಮ ಟೋಪಿ ತೆಗೆದರು.

“ಮೇವಿಸ್? ನೀನೇನಾ?”

“ನಾನೇ ಕಣೋ. ಒಳಗೆ ಬಾ.”

“ಕರೀಬೇಡ. ಮೊದಲು ಎದ್ದು ತೋರಿಸು.”

ಮೇವಿಸ್ ಎರಡೂ ತೋಳು ಊರಿ ಎದ್ದರು. ಟೋಪಿಯನ್ನು ಮೊಳೆಗೆ ಹಾಕಿದರು, ಕುರ್ಚಿಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಪೆಟ್ಟಿಗೆಯನ್ನು ಮಹಡಿಗೆ ಒಯ್ದಿಡು ಎಂದು ವಾಲ್ಟರ್ ಅವರನ್ನು ಕೇಳಿದರು.

“ಅದನ್ನ ನಾನು ಮುಟ್ಟಲ್ಲ,” ಎಂದರು ವಾಲ್ಟರ್.

ಪರ್ಸಿಯೂ ಮುಟ್ಟಲಿಲ್ಲ. ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಲು ಮೇವಿಸ್ ಅವರಿಗೆ ಆಗುವುದಿಲ್ಲ. ಅದು ಇನ್ನೂ ಕುರ್ಚಿಯ ಪಕ್ಕದಲ್ಲೇ ಇದೆ. ವಾಲ್ಟರ್ ಈಗ ಹೊರಗಿನಿಂದ ಬಂದವರಿಗೆ, ಮಾರ್ತಾಳ ಪೆಟ್ಟಿಗೆ ಎಂದು ದೂರದಿಂದ ತೋರಿಸುತ್ತಾರೆ. ಜನ ಮೊದಲಿಗಿಂತ ಹೆಚ್ಚು ಬರುತ್ತಿದ್ದಾರೆ. ಮಧ್ಯಾಹ್ನ ಬಾಗಿಲು ಮುಚ್ಚಿದ ಮೇಲೆ ಮೇವಿಸ್ ಅದರ ಬೀಗ ತೆರೆದು, ಅಂದಂದಿಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಮೊದಲ ದಿನ ತೆಗೆದದ್ದು ಉಣ್ಣೆಯ ಕಾಲುಚೀಲ. ನೆಲಮಾಳಿಗೆ ಆಗಲೇ ತಣ್ಣಗಾಗಿತ್ತು. ಓಲಿವ್ ಅವರಿಗೆಂದು ಹೆಣೆದ ಶಾಲನ್ನು ಮಾತ್ರ ಇನ್ನೂ ತೆಗೆದಿಲ್ಲ.