ಗೋಡೆಗೆ ಮುಖ ಮಾಡುವ ಕಂಪ್ಯೂಟರ್ ಮೇಷ್ಟ್ರು

ಮಕ್ಕಳು ಪಾಸ್‌ವರ್ಡ್ ಟೈಪ್ ಮಾಡುವಾಗ ಕಂಪ್ಯೂಟರ್ ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. "ನಂಗೂ ಹೇಳ್ಬೇಡಿ, ನಿಮ್ಮಜ್ಜಿಗೂ ಹೇಳ್ಬೇಡಿ" ಎನ್ನುತ್ತಾರೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಪೋರನೊಬ್ಬ "ಸಾರ್, ನಂದು ನಮ್ಮ ಬೆಕ್ಕಿನ ಹೆಸ್ರು" ಎಂದು ಕೂಗಿರುತ್ತಾನೆ; ಮೇಷ್ಟ್ರು ಹಣೆ ಚಚ್ಚಿಕೊಂಡು ಹೊಸದು ಹಾಕಿಸುತ್ತಾರೆ. ಮೌಸ್ ಕುಟ್ಟಿದರೆ, ಕೀಬೋರ್ಡಿನ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿದರೆ ಪಕ್ಕದ ಕ್ಲಾಸೂ ಗಪ್‌ಚಿಪ್ಪಾಗುವಂತೆ ಬೈಯುತ್ತಾರೆ. "ಏನೋ ತಪ್ಪು ಒತ್ಬಿಟ್ಟೆ ಸಾರ್" ಎಂದು ಬಂದವರಿಗೆ ಮಾತ್ರ ಏನೂ ಅನ್ನುವುದಿಲ್ಲ. ಮೊನ್ನೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, ಮೊಬೈಲ್ ಆಟದಲ್ಲಿ ಗುರುತಿಲ್ಲದವನೊಬ್ಬ ಫೋಟೊ ಕೇಳಿದ, ಕಳಿಸಿಬಿಟ್ಟೆ ಎಂದು ಅಳುತ್ತ ಪಿಸುಗುಟ್ಟಿದಳು. ಮೇಷ್ಟ್ರು ಅವಳ ಪಕ್ಕ ನೆಲದಲ್ಲೇ ಕೂತು, "ಹೇಳಿದ್ಯಲ್ಲ ಪುಟ್ಟಿ, ಒಳ್ಳೇದಾಯ್ತು" ಎಂದರು. ಸಂಜೆ ಗೇಟಿನ ಬಳಿ ಅವಳ ತಾಯಿಗೆ ಎಲ್ಲ ತಿಳಿಸಿ, ದನಿ ತಗ್ಗಿಸಿದರು: "ನೋಡಿಯಮ್ಮ, ಇವಳನ್ನ ಬೈಬೇಡಿ. ಬೈದ್ರೆ ಇನ್ನೊಂದ್ಸಲ ಯಾರಿಗೂ ಹೇಳಲ್ಲ."