ಅತ್ತಿಗೆಯ ಫೋನಿನಲ್ಲಿ ಇಂಜಿನಿಯರನ ಹೆಬ್ಬೆರಳು

ಬೈಂಡಿಂಗ್ ಅಂಗಡಿಯಲ್ಲಿ ಆಕೆಯನ್ನು ಎಲ್ಲರೂ ಗೋಂದಕ್ಕ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಕೆಲಸಕ್ಕೆ ಸೇರಿದವಳು ತಲೆ ಅರ್ಧ ನರೆತರೂ ಉದ್ದ ಮೇಜಿನ ಅದೇ ಮೂಲೆಯಲ್ಲಿ ನಿಂತು ಅಚ್ಚಾದ ಹಾಳೆ ಮಡಚುತ್ತಿದ್ದಳು, ಹೊಲಿಯುತ್ತಿದ್ದಳು, ಪುಸ್ತಕದ ಬೆನ್ನಿಗೆ ಗೋಂದು ಬಳಿದು ರಟ್ಟು ಕೂರಿಸುತ್ತಿದ್ದಳು. ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಒಂದು ಗೇಣು ಮುಂದು. ಹೊಲಿಗೆ ಸೊಟ್ಟಗಿದ್ದರೆ "ಇದೇನು, ಹಾವು ಹರಿದ ದಾರೀನಾ?" ಎಂದು ಮುಖಕ್ಕೇ ಕೇಳುವಳು. ಆದರೆ ಆಕೆಯ ತಾತ್ಸಾರದ ಮುಕ್ಕಾಲು ಪಾಲು ಮೀಸಲಾಗಿದ್ದುದು ತಂಗಿಯ ಗಂಡನಿಗೆ.

ಅವನು ನೀರು ಶುದ್ಧ ಮಾಡುವ ಯಂತ್ರಗಳ ಅಂಗಡಿಯಲ್ಲಿ ಬಿಲ್ ಬರೆಯುವವನು. ಯಂತ್ರಗಳ ನಡುವೆ ಕೂತೂ ಕೂತೂ ತಾನೇ ಇಂಜಿನಿಯರ್ ಎಂಬ ಭ್ರಮೆ ಅವನಿಗೆ ಹತ್ತಿತ್ತು. ನೆಂಟರು ಬೆನ್ನ ಹಿಂದೆ ನಗುತ್ತ ಅದೇ ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗ ಅವನು ಬಿರುದು ಬಂತೆಂದು ಉಬ್ಬಿದ. ಅವನು ಬಿಚ್ಚಿದ ಫ್ಯಾನು ಮತ್ತೆ ತಿರುಗಿದ್ದಿಲ್ಲ. ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳನ್ನು "ಕಂಪನಿಯವ್ರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಎಂದು ಡಬ್ಬಿಗೆ ಸುರಿಯುತ್ತಿದ್ದ.

ಮನೆ ಅಕ್ಕತಂಗಿಯರಿಬ್ಬರದು. ಗೋಂದಕ್ಕ ಮದುವೆ ಬೇಡವೆಂದಳು, ತಂಗಿ ಆದಳು, ಗಂಡ ಇಲ್ಲಿಗೇ ಬಂದು ತಳವೂರಿದ. ಬೆಳಗಿನ ಅಡುಗೆ ಗೋಂದಕ್ಕನದು, ಅವನ ಊಟದ ಡಬ್ಬಿ ಕಟ್ಟುವವಳೂ ಅವಳೇ. ಸಾರಿಗೆ ಉಪ್ಪು ಕಡಿಮೆಯಾದ ದಿನ ಅವನು ಅಂಗಡಿಯಿಂದಲೇ ಫೋನ್ ಮಾಡಿ ಹೇಳುತ್ತಿದ್ದ.

ಹಳೆಯ ಗುಂಡಿ ಫೋನು ಸತ್ತಾಗ ಗೋಂದಕ್ಕ ಹೊಸದೊಂದನ್ನು ಕೊಂಡು ತಂದಳು. ಡಬ್ಬಿ ತೆರೆಯುವ ಮೊದಲೇ ಇಂಜಿನಿಯರ್ ಕೈ ಚಾಚಿದ. "ಕೊಡಿ ಅತ್ತಿಗೆ, ಇದೆಲ್ಲ ನಿಮಗೆ ತಿಳಿಯಲ್ಲ. ಬೆರಳಿಟ್ರೆ ಸಾಕು, ತೆರೆದುಕೊಳ್ಳೋ ಹಾಗೆ ಮಾಡ್ಕೊಡ್ತೀನಿ."

ಒಂದು ಸಂಜೆ ಪೂರ್ತಿ ಸೋಫಾದ ಮೇಲೆ ಕೂತು ಮಾಡಿಕೊಟ್ಟ. ರಜೆಯ ದಿನ, ಆಕೆಯ ಕೈ ತೊಳೆದು ಶುಭ್ರವಾಗಿತ್ತು. ಫೋನು ಒಲ್ಲದ ಮನಸ್ಸಿನಿಂದ ಬೆರಳನ್ನು ಒಪ್ಪಿಕೊಂಡಿತು. ಮರುದಿನ ಕೆಲಸ ಮುಗಿಸಿ ಬಂದು ಇಟ್ಟರೆ ಬುರ್ರೆಂದು ನಡುಗಿತು, ಅಷ್ಟೇ. ಒರೆಸಿ ಇಟ್ಟಳು, ಒತ್ತಿ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಅದು ಉಪದೇಶ ಮಾಡಿತು.

"ನನ್ನ ದುಡ್ಡಲ್ಲಿ ಬಂದು ನನಗೇ ಬಾಗಿಲು ಹಾಕುತ್ತೆ. ಈ ಮನೇಲಿ ಅಂಥದ್ದು ಒಂದಿತ್ತು, ಈಗ ಎರಡಾಯ್ತು," ಎಂದಳು ಗೋಂದಕ್ಕ. ಯಾರನ್ನು ಕುರಿತು ಎಂದು ತಂಗಿಗೆ ತಿಳಿಯಿತು. ತಿಳಿಯಬೇಕಾದವನಿಗೆ ತಿಳಿಯಲಿಲ್ಲ.

ಇಂಜಿನಿಯರನ ಚಿಕಿತ್ಸೆ ಶುರುವಾಯಿತು. ಬೆರಳಿಗೆ ಎಣ್ಣೆ ಸವರಿಸಿದ, ಗಾಜೆಲ್ಲ ಜಿಡ್ಡಾಯಿತು. ನಿಂಬೆಹಣ್ಣು ಉಜ್ಜಿಸಿದ, ಕಾಗದ ಕೊಯ್ದ ಗಾಯಗಳೆಲ್ಲ ಉರಿದವು. ಫೋನಿಗೆ ಶಾಖ ಹೊಡೆದಿದೆ ಎಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ಕೊನೆಗೆ ಮುಖ ತೋರಿಸಿದರೆ ತೆರೆಯುವ ವ್ಯವಸ್ಥೆ ಮಾಡಿದ. ಅದೂ ಕನ್ನಡಕ ಹಾಕಿದರೆ ಒಂದು ಥರ, ತೆಗೆದರೆ ಒಂದು ಥರ. ಬೈಂಡಿಂಗ್ ಅಂಗಡಿಯ ಮಂಕು ಬೆಳಕಿನಲ್ಲಂತೂ ಪೂರಾ ಕುರುಡು.

"ನಿಮ್ಮ ಮುಖದಲ್ಲಿ ನಗು ಇಲ್ಲ ಅತ್ತಿಗೆ, ಅದಕ್ಕೇ ಗುರುತು ಸಿಗ್ತಿಲ್ಲ," ಎಂದ.

"ದಿನಾ ಎದ್ದು ನಿನ್ನ ಮುಖ ನೋಡಿದ್ರೆ ನಗು ಎಲ್ಲಿಂದ ಬರಬೇಕು?"

ಅವನು ಅದನ್ನೂ ತಮಾಷೆ ಎಂದುಕೊಂಡು ಹಲ್ಲು ಕಿರಿದ. ಅಲ್ಲಿಂದ ಮುಂದೆ ಆಕೆ ಬೆರಳು ಬಿಟ್ಟು ಪಿನ್ ಒತ್ತಿಯೇ ಫೋನು ತೆರೆಯತೊಡಗಿದಳು. ಆ ಪಿನ್ನೂ ಅವನೇ ಇಟ್ಟದ್ದು, ಅವನ ಸ್ಕೂಟರಿನ ನಂಬರು.

ಈ ನಡುವೆ ಗೋಂದಕ್ಕ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಬೈಂಡಿಂಗ್ ಅಂಗಡಿಯಿಂದ ಎರಡು ಬೀದಿ ಆಚೆ, ನಿವೃತ್ತ ನರ್ಸಮ್ಮನೊಬ್ಬಳ ಮನೆಯ ಮಹಡಿ ಮೇಲೊಂದು ಕೋಣೆ ಖಾಲಿ ಇತ್ತು. ಒಂದು ಕಿಟಕಿ, ಒಂದು ಒಲೆಕಟ್ಟೆ, ಉಪ್ಪಿನ ಲೆಕ್ಕ ಕೇಳುವವರು ಯಾರೂ ಇಲ್ಲ. ನೋಡಿ ಬಂದ ದಿನ ಗೋಂದಕ್ಕ ಮೆಟ್ಟಿಲಿಳಿಯುತ್ತ ತನಗೇ ಗೊತ್ತಿಲ್ಲದೆ ಗುನುಗಿದ್ದಳು. ಮುಂದಿನ ಮಾತುಕತೆಯೆಲ್ಲ ಮೆಸೇಜಿನಲ್ಲಿ ನಡೆಯಿತು. ಎಲ್ಲ ಕುದುರಿತು ಎನ್ನುವಾಗ ನರ್ಸಮ್ಮ ಬರೆದಳು: ಕೋಣೆ ಬೇರೆಯವರಿಗೆ ಕೊಟ್ಟಾಯಿತು, ಕ್ಷಮಿಸಿ. ಆದರೆ ಆ ಬೀದಿಯಲ್ಲಿ ಹಾದುಹೋದಾಗಲೆಲ್ಲ ಗೇಟಿನ ಮೇಲೆ 'ಬಾಡಿಗೆಗಿದೆ' ಬೋರ್ಡು ತೂಗಾಡುತ್ತಲೇ ಇತ್ತು. ತನ್ನಲ್ಲೇ ಏನು ಕೊರತೆ ಕಂಡಿತೋ ಎಂದು ಗೋಂದಕ್ಕನಿಗೆ ಒಳಗೊಳಗೇ ಚುಚ್ಚಿತು. ಅಂಥ ಬಾಯಿಯವಳೂ ಕೆಲವು ದಿನ ಮಾತು ಕಡಿಮೆ ಮಾಡಿದಳು.

ಹೀಗಿರುವಾಗ ಎರಡೂ ಅಂಗಡಿಗೆ ಅರ್ಧ ದಿನ ರಜೆಯಿದ್ದ ಒಂದು ಮಧ್ಯಾಹ್ನ, ಮೂವರೂ ಊಟಕ್ಕೆ ಕೂತಿದ್ದರು. ಚಿಕ್ಕಮ್ಮ ಮೊಮ್ಮಗುವಿನ ವಿಡಿಯೋ ಕಳಿಸಿದ್ದಾಳೆ, ತೋರಿಸು ಎಂದಳು ತಂಗಿ. ಗೋಂದಕ್ಕನ ಬಲಗೈ ಎಂಜಲು. ಎಡಗೈಯಲ್ಲೇ ತಡಕಾಡಿ ಪಿನ್ ಒತ್ತುತ್ತಿದ್ದಳು, ತಪ್ಪಾಯಿತು, ಮತ್ತೆ ತಪ್ಪಾಯಿತು.

"ಅಯ್ಯೋ, ಕೊಡಿ ಇಲ್ಲಿ," ಎಂದು ಇಂಜಿನಿಯರ್ ಫೋನು ಕಿತ್ತುಕೊಂಡು ತನ್ನ ಎಡಗೈ ಹೆಬ್ಬೆರಳು ಇಟ್ಟ. ಫೋನು ತಟಕ್ಕನೆ ತೆರೆದುಕೊಂಡಿತು. "ನೋಡಿ! ಹೇಗೆ ಇಡಬೇಕು ಅಂತ ಗೊತ್ತಿರಬೇಕು!"

ತಂಗಿಯ ಕೈತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ನನ್ನ ಬೆರಳಿಗೆ ಬಾಯಿ ಬಿಡದ ಫೋನು ನಿನ್ನ ಬೆರಳಿಗೆ ಹೇಗೆ ಬಿಡ್ತು?" ಗೋಂದಕ್ಕನ ದನಿ ಏರಲಿಲ್ಲ.

"ಅದು... ತುರ್ತಿಗೆ ಇರಲಿ ಅಂತ ನಂದೂ ಒಂದು ಹಾಕಿದ್ದೆ. ನಿಮ್ಮ ಒಳ್ಳೇದಕ್ಕೇ. ನಾನೇನು ಆ ನರ್ಸಮ್ಮನ ಮೆಸೇಜ್ ಓದೋಕೆ ಹಾಕಿದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ವಾಸಿ. ಇವನು ಯಾರೂ ಏನೂ ಅನ್ನುವ ಮೊದಲೇ ಕುಂಬಳಕಾಯಿ ಇಳಿಸಿ ಎದುರಿಗಿಟ್ಟಿದ್ದ. ತಂಗಿ ನಿಧಾನವಾಗಿ ಕೇಳಿದಳು, "ಯಾವ ನರ್ಸಮ್ಮ?"

ಗೋಂದಕ್ಕ ಎದ್ದು ಕೈ ತೊಳೆದು, ಫೋನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

ಮೊದಲು ಹೋದದ್ದು ಮೊಬೈಲ್ ರಿಪೇರಿಯವನ ಗೂಡಿಗೆ. ಅವನು ಆಕಳಿಸುತ್ತ ಆಕೆಯ ಬೆರಳನ್ನು ದೀಪದಡಿ ತಿರುಗಿಸಿದ. "ಗೆರೆ ಎಲ್ಲಿವೆ ಅಕ್ಕ? ನೆಲದ ಟೈಲ್ಸ್ ಥರ ನುಣ್ಣಗಾಗಿದೆಯಲ್ಲ!"

"ಆಯಸ್ಸೆಲ್ಲ ಹಾಳೆ ಮಡಚಿದೀನಿ. ಗೆರೆ ಯಾರ್ಯಾರ ಪುಸ್ತಕದೊಳಗೆ ಹೋಗಿವೆಯೋ."

"ಅದರ ಮೇಲೆ ಗೋಂದು ಬೇರೆ ಒಣಗಿದೆ. ಸ್ಕ್ರೀನ್ ಮೇಲಿನ ಈ ಗಾಜಿನ ಹಾಳೇನೂ ದಪ್ಪ. ಇದನ್ನ ಅಂಟಿಸಿದ ಮಹಾನುಭಾವ ಯಾರು?"

"ನಮ್ಮನೇಲೊಬ್ಬ ಇಂಜಿನಿಯರ್ ಇದಾನೆ."

"ಓದಿದಾರಾ?"

"ಬೇರೆಯವರ ಮೆಸೇಜು ಓದಿದಾನೆ."

ರಿಪೇರಿಯವನು ದಪ್ಪ ಗಾಜು ಕಿತ್ತು ತೆಳುವಾದದ್ದು ಹಾಕಿದ, ಬೆರಳಿಡುವ ಜಾಗ ಬಟ್ಟೆಯಲ್ಲಿ ಒರೆಸಿದ, ಹಳೆಯ ಬೆರಳುಗಳನ್ನೆಲ್ಲ ಅಳಿಸಿದ. ಹೊಸ ಪಿನ್ ಒತ್ತಿ ಎಂದು ಮುಖ ಆಚೆ ತಿರುಗಿಸಿದ. ಒಂದೊಂದೇ ಬೆರಳು ಇಡಿಸಿ ನೋಡಿದ. ಹಾಳೆಗೂ ಸೂಜಿಗೂ ಸೇರದೆ ಸೋಮಾರಿಯಾಗಿ ಬೆಳೆದಿದ್ದ ಎಡಗೈ ಕಿರುಬೆರಳಲ್ಲಿ ಮಾತ್ರ ಗೆರೆಗಳು ಉಳಿದಿದ್ದವು. ಅದನ್ನೇ ಎರಡು ಸಲ ದಾಖಲು ಮಾಡಿಕೊಟ್ಟ.

ಅಲ್ಲಿಂದ ನೇರ ನರ್ಸಮ್ಮನ ಗೇಟು. ನರ್ಸಮ್ಮ ಮೊದಲು ತಡವರಿಸಿದಳು, ಆಮೇಲೆ ಹೇಳಿದಳು: "ನಿಮ್ಮ ಮನೆಯವ್ರೇ ಯಾರೋ ಗಂಡಸರು ಫೋನ್ ಮಾಡಿದ್ರು. ನಿಮಗೆ ಆಗಾಗ ಮೂರ್ಛೆ ಬರುತ್ತೆ, ಒಬ್ಬರನ್ನೇ ಬಿಟ್ರೆ ಜವಾಬ್ದಾರಿ ನನ್ನ ಮೇಲೇ ಬರುತ್ತೆ ಅಂದ್ರು."

ಗೋಂದಕ್ಕನಿಗೆ ಕೋಪಕ್ಕಿಂತ ಮೊದಲು ಬಂದದ್ದು ನಗು. "ಮೂರ್ಛೆಯೂ ಇಲ್ಲ ಏನೂ ಇಲ್ಲ, ನಾನು ಮನೆ ಬಿಟ್ರೆ ಅವನ ಡಬ್ಬಿ ಕಟ್ಟೋರು ಯಾರು? ಅದೇ ಅವನ ಭಯ. ನೀವೇ ನರ್ಸು, ನಾಡಿ ಹಿಡಿದು ನೋಡಿ."

ನರ್ಸಮ್ಮ ನಿಜವಾಗಿಯೂ ನಾಡಿ ಹಿಡಿದು ನೋಡಿದಳು. ಆಮೇಲೆ ಗೇಟಿನ ಬೋರ್ಡು ಬಿಚ್ಚಿದಳು.

ಸಾಮಾನು ಸಾಗಿಸುವ ದಿನ ಇಂಜಿನಿಯರ್ ಎಲ್ಲೋ ತುರ್ತು ಕೆಲಸ ಹುಟ್ಟಿಸಿಕೊಂಡು ಮಾಯವಾದ. ತಂಗಿಯೇ ಹಾಸಿಗೆಯ ಒಂದು ತುದಿ ಹಿಡಿದು ಮೆಟ್ಟಿಲು ಹತ್ತಿದಳು. ಮೇಲೆ ಬಂದು ಕಿಟಕಿಯ ಹತ್ತಿರ ಕೂತವಳು ಬಹಳ ಹೊತ್ತು ಏಳಲಿಲ್ಲ.

"ನನಗೆ ನಿಜವಾಗಲೂ ಗೊತ್ತಿರಲಿಲ್ಲ ಅಕ್ಕ," ಎಂದಳು.

"ನಿನಗೆ ಗೊತ್ತಿದ್ರೆ ಅವನಿಗೆ ಇಷ್ಟು ಧೈರ್ಯ ಎಲ್ಲಿ ಇರ್ತಿತ್ತು? ಏಳು, ಕಾಫಿ ಮಾಡ್ತೀನಿ."

ಈಗ ಅವನು ನೆಂಟರೆದುರು, ಅತ್ತಿಗೆಗೆ ಓಡಾಟ ಕಷ್ಟವಾಗ್ತಿತ್ತು, ಕೆಲಸದ ಹತ್ತಿರವೇ ನಾನೇ ಕೋಣೆ ಹುಡುಕಿಕೊಟ್ಟೆ ಎನ್ನುತ್ತಾನೆ. ಕೆಲವರು ನಂಬುತ್ತಾರೆ, ತಲೆಯನ್ನೂ ತೂಗುತ್ತಾರೆ. ಗೋಂದಕ್ಕನ ಕಿವಿಗೂ ಅದು ಬಿತ್ತು. ತಿದ್ದಲು ಹೋಗಲಿಲ್ಲ; "ಒಂದು ಸುಳ್ಳಾದ್ರೂ ನನ್ನ ಉಪಯೋಗಕ್ಕೆ ಬರೋ ಹಾಗೆ ಹೇಳೋಕೆ ಕಲಿತನಲ್ಲ, ಮನೆ ಯಾಕೆ ಬಿಟ್ಟೆ ಅಂತ ಇನ್ನು ಯಾರೂ ಕೇಳಲ್ಲ," ಎಂದು ರಟ್ಟಿನ ಕಡೆ ತಿರುಗಿದಳು.